ನೆಗ್ಗಿನ ಕೆಳಗಿನ ನೆಗ್ಗು

ಅಯಸ್ಕಾಂತ ಹಿಡಿಯಲಿಲ್ಲ.

ಕಾಂತೇಶ್ ಮತ್ತೆ ಒತ್ತಿ ನೋಡಿದ. ಕಾರಿನ ಬಾಗಿಲಿಗೆ ಟಕ್ಕೆಂದು ಕಚ್ಚಿಕೊಂಡಿದ್ದ ಆ ಪುಟ್ಟ ಚೂರು, ಎಡಗಡೆಯ ಫೆಂಡರಿಗೆ ಬಂದೊಡನೆ ಸತ್ತ ಹಲ್ಲಿಯ ಹಾಗೆ ಅಂಗೈಗೆ ಉದುರಿತು. ಮುಂಚಕ್ರದ ಮೇಲೆ ಕಮಾನಿನಂತೆ ಬಾಗಿದ ತಗಡು ಅದು. ತಗಡಿದ್ದಲ್ಲಿ ಅಯಸ್ಕಾಂತ ನಿಲ್ಲುತ್ತದೆ. ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಲ್ಲಿ ನಿಲ್ಲುವುದಿಲ್ಲ.

ಅವನು ಗೇಣು ಹಾಕಿ ಅಳೆದ. ಒಂದು. ಎರಡು. ಎರಡೂವರೆ.

ಕಾರಿನ ಮಾಲೀಕ ಗಂಗಾಧರ್ ಪೊಲೀಸರಿಗೆ ತೋರಿಸಿದ ಕಾಗದದಲ್ಲಿ ಬರೆದಿದ್ದದ್ದು ‘ಒಂದು ಗೇಣಿನಷ್ಟು ನೆಗ್ಗು’ ಎಂದು.

"ಏನ್ ಸಾಮಿ, ಕಾರ್‌ಗೆ ಪೂಜೆ ಮಾಡ್ತಿದೀರಾ?" ಗಂಗಾಧರನ ಡ್ರೈವರ್ ಕದರಯ್ಯ ಕೊಬ್ಬರಿ ಮೂಟೆಗಳ ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದ. "ತಗೊಳ್ಳೋದಾದ್ರೆ ಬೇಗ ಹೇಳಿ. ನಾಳೆ ಹಾಸನದ ಪಾರ್ಟಿ ಬರ್ತಾ ಐತೆ. ಮುಟ್ಟಿ ಮುಟ್ಟಿ ಬಣ್ಣ ಸವ್ಸಬ್ಯಾಡಿ."

"ಎಲ್ಲಾ ಕಂಪನಿ ಪೇಂಟೇನಾ?" ಕಾಂತೇಶ್ ಹಳೇ ಕಾರಿನ ದಲ್ಲಾಳಿಯ ದನಿಯಲ್ಲಿ ಕೇಳಿದ.

"ಎಲ್ಲಾ ಕಂಪನೀದೇ. ಆ ಒಂದು ಕಡೆ ಮಾತ್ರ... ತುಮಕೂರಲ್ಲಿ ಯಾವನೋ ಪಾರ್ಕಿಂಗ್ ವಾಚ್‌ಮನ್ನು ಕಂಬಕ್ಕೆ ಗುದ್ಸವ್ನೆ. ಮೂವತ್ತೆಂಟು ಸಾವ್ರ ಬಿಲ್ಲಾಯ್ತು, ಗೊತ್ತಾ? ನನ್ನ ಮೂರು ಮಕ್ಕಳ ಮದ್ವೆಗೂ ಅಷ್ಟಾಗಿಲ್ಲ."

ಆ ವಾಚ್‌ಮನ್ನಿನ ಹೆಸರು ಬೀರಯ್ಯ. ಆ ಕಾಗದಕ್ಕೆ ಸಹಿ ಹಾಕಿದವನೂ ಅವನೇ.

ಮೂರು ವಾರದ ಹಿಂದೆ, ಫೆಬ್ರವರಿ ಹನ್ನೆರಡರ ಗುರುವಾರ, ಸಂಜೆ ನಾಲ್ಕರ ಹೊತ್ತಿಗೆ ಅಮೃತೂರು ರಸ್ತೆಯಲ್ಲಿ ಒಂದು ಕಾರು ಪುಟ್ಟಗಂಗಮ್ಮನನ್ನು ಗುದ್ದಿ ಸಾಯಿಸಿ ಓಡಿತ್ತು. ಶಾಲೆಯ ಬಿಸಿಯೂಟ ಬೇಯಿಸಿ, ಉಳಿದದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ನಡೆದು ಹೋಗುತ್ತಿದ್ದ ಹೆಂಗಸು. ಪೊಲೀಸರಿಗೆ ಸಿಕ್ಕಿದ್ದು ಕಡುಹಸಿರು ಬಣ್ಣದ ಎರಡು ಚಕ್ಕೆ. ಗಂಗಾಧರನ ಹಸಿರು ಕಾರಿನ ತನಕ ಅವರು ಬಂದರು. ಅವನು ಕಾಗದ ತೋರಿಸಿದ. ಕಾರು ನೆಗ್ಗಿದ್ದು ಹದಿನೈದರ ಭಾನುವಾರ, ಕಲ್ಯಾಣ ಮಂಟಪದ ಪಾರ್ಕಿಂಗಿನಲ್ಲಿ. ಸಿಳ್ಳೆ ಊದಿ ಕಾರು ನಿಲ್ಲಿಸುವಾಗ ಕಂಬಕ್ಕೆ ಗುದ್ದಿಸಿದವನು ವಾಚ್‌ಮನ್ ಬೀರಯ್ಯ. ರಿಪೇರಿಗೆ ಬಿಟ್ಟದ್ದು ಹದಿನಾರರ ಸೋಮವಾರ. ಪೊಲೀಸರು ಟೀ ಕುಡಿದು ಹೋದರು.

ಬೀರಯ್ಯ ಸತ್ತವಳ ಅಕ್ಕ ರೇವಮ್ಮನ ಗಂಡ.

ನಾದಿನಿಯ ಹಾಲು-ತುಪ್ಪವನ್ನು ಆ ಭಾನುವಾರ ಬೆಳಿಗ್ಗೆ ಮುಗಿಸಿ, ಮಂಟಪದವರು ರಜೆ ಕೊಡಲಿಲ್ಲವೆಂದು ಸಂಜೆಯ ಆರತಕ್ಷತೆಗೆ ಸಿಳ್ಳೆ ಹಿಡಿದು ನಿಂತಿದ್ದ ಮನುಷ್ಯ. "ಇನ್ಶೂರೆನ್ಸ್‌ಗೆ ಮಾತ್ರ ಕಣಯ್ಯ, ನಿನಗೇನೂ ಆಗಲ್ಲ" ಎಂದು ಗಂಗಾಧರ್ ಹೇಳಿದ. ಬೀರಯ್ಯ ನಂಬಿದ. ತನಗೆ ಬರುವ ಒಂದೇ ಒಂದು ಬರಹವನ್ನು, ತನ್ನ ಹೆಸರನ್ನು, ಕೊಲೆಗಾರನ ರಕ್ಷಣೆಗೆ ಬರೆದುಕೊಟ್ಟ.

ಶನಿವಾರದೊಳಗೆ ಬೇರೆ ಪುರಾವೆ ಸಿಗದಿದ್ದರೆ ಪೊಲೀಸರು ಸಿ ರಿಪೋರ್ಟ್ ಹಾಕುತ್ತಾರೆ. ವಾಹನ ಪತ್ತೆಯಾಗಲಿಲ್ಲ, ಫೈಲು ಮುಗಿಯಿತು ಎಂದು. ಇವತ್ತು ಗುರುವಾರ. ರೇವಮ್ಮನಿಗಾಗಿ ಕಾಂತೇಶ್ ಕಾರು ಕೊಳ್ಳುವವನ ನೆಪದಲ್ಲಿ ಗುಬ್ಬಿಗೆ, ಗಂಗಾಧರನ ಅಂಗಳಕ್ಕೆ ಬಂದಿದ್ದ.

"ಕದರಯ್ಯ, ಒಂದ್ ಲೋಟ ನೀರು ಸಿಗ್ತದಾ?"

"ನೀರಿಗೂ ಚೌಕಾಸಿ ಮಾಡೋರ ಥರ ಕಾಣ್ತೀರಪ್ಪ," ಎಂದು ಗೊಣಗುತ್ತಾ ಅವನು ಎದ್ದುಹೋದ.

ಕಾಂತೇಶ್ ಮಣ್ಣಿನಲ್ಲಿ ಮಂಡಿಯೂರಿ ಚಕ್ರದ ಮೇಲಿನ ಸಂದಿಗೆ ಕೈ ತೂರಿಸಿದ. ಫೆಂಡರಿನ ಒಳಮೈಗೆ ಡಾಂಬರಿನಂಥ ಕಪ್ಪು ಲೇಪ. ಅದರ ಕೆಳಗೆ ಸುತ್ತಿಗೆಯ ಸಾಲು ಗುರುತು, ಹತ್ತಿರ ಹತ್ತಿರ, ರಾಗಿ ಸುರಿದಂತೆ ಸಣ್ಣಗೆ. ಹಾಗೆ ಬಡಿಯುವ ಕೈ ಇಡೀ ತುಮಕೂರಿನಲ್ಲಿ ಒಂದೇ. ಬಟವಾಡಿಯ ಟಿಂಕರ್ ರಾಮಾಂಜಿನಯ್ಯನದು.

ಅದು ಹೊಸ ವಿಷಯವಲ್ಲ. ಬಿಲ್ಲಿನ ಮೇಲೆ ಅವನ ಶೆಡ್ಡಿನ ಹೆಸರೇ ಇತ್ತು. ಕಾಂತೇಶ್ ಹುಡುಕುತ್ತಿದ್ದದ್ದು ಬೇರೆ.

ರಾಮಾಂಜಿನಯ್ಯನಿಗೆ ಒಂದು ಅಭ್ಯಾಸವಿತ್ತು. ಹಿಂದೊಮ್ಮೆ ಯಾವನೋ ದೊಡ್ಡ ಮನುಷ್ಯ ಬೇರೆ ಶೆಡ್ಡಿನ ಹಾಳು ಕೆಲಸವನ್ನು ಇವನ ಮೇಲೆ ಹಾಕಿ, ಪುಕ್ಕಟೆ ರಿಪೇರಿ ಮಾಡಿಸಿಕೊಂಡು ಹೋಗಿದ್ದ. ಅವತ್ತಿನಿಂದ ತಗಡು ಬಡಿದು ಮುಗಿಸಿದ ಕೂಡಲೇ, ಕಪ್ಪು ಲೇಪ ಹಚ್ಚುವ ಮೊದಲು, ಒಳಮೈಯಲ್ಲಿ ಉಳಿಯ ಮೊನೆಯಿಂದ ಅವನು ಎರಡು ಗುರುತು ಕೊರೆಯುತ್ತಿದ್ದ: ತನ್ನ ಹೆಸರಿನ ‘ರಾ’, ಮುಂದೆ ತಾರೀಕು. ಗಿರಾಕಿಗೆ ಹೇಳುತ್ತಿರಲಿಲ್ಲ. ಶೆಡ್ಡಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಪಿಯುಸಿ ಮುಗಿಸಿ ಕೆಲಸ ಸಿಗದೆ ಅಲೆಯುತ್ತಿದ್ದಾಗ ಕಾಂತೇಶ್ ಅಲ್ಲಿ ಮೂರು ವರ್ಷ ದುಡಿದಿದ್ದ; ರಾಮಾಂಜಿನಯ್ಯನನ್ನು ಮಾವ ಎಂದೇ ಕರೆಯುತ್ತಿದ್ದ.

ಬೆರಳು ತಡಕಿತು. ಸಿಕ್ಕಿತು. ರಾ. ಒಂದು, ಆರು, ಅಡ್ಡಗೀರು, ಎರಡು.

16-2. ಬಿಲ್ಲಿನಲ್ಲಿದ್ದದ್ದೂ ಅದೇ. ಬಂದ ಕೆಲಸ ಕೆಟ್ಟಿತು. ಜೊತೆಗೇ, ನಾಚಿಕೆಗೇಡಾದರೂ ನಿಜ, ಒಂದು ಸಮಾಧಾನವೂ ಆಯಿತು. ಹೋದ ವಾರ ಕೇಳಿದಾಗ ಮಾವ ಸುಳ್ಳು ಹೇಳಿಲ್ಲ.

ಕೈ ತೆಗೆಯುವಾಗ ಬೆರಳ ತುದಿ ಇನ್ನೊಂದು ಗೀರಿಗೆ ತಾಗಿತು.

ಎರಡು ಬೆರಳು ಮೇಲೆ. ಲೇಪ ಅಲ್ಲಿ ದಪ್ಪ, ಎರಡು ಸಲ ಹಚ್ಚಿದಂತೆ. ಉಗುರಿನಿಂದ ಕೆರೆದ. ರಾ. ಒಂದು. ಆಮೇಲೆ ಬಂದದ್ದು ಆರಲ್ಲ.

13-2.

ಪುಟ್ಟಗಂಗಮ್ಮ ಸತ್ತ ಮಾರನೆಯ ದಿನ. ಕಂಬಕ್ಕೆ ಗುದ್ದಿತೆಂಬ ದಿನಕ್ಕಿಂತ ಎರಡು ದಿನ ಮುಂಚೆ.

ಮೊದಲು ಒಂದು ದೊಡ್ಡ ನೆಗ್ಗು. ಅದನ್ನು ಬಡಿದು ಮುಚ್ಚಿದ ಮೇಲೆ, ಊರಿಗೆಲ್ಲ ಕಾಣಲೆಂದು ಅದರ ಮೇಲೆಯೇ ಬೇಕೆಂದು ಮಾಡಿಸಿದ ಒಂದು ಚಿಕ್ಕ ನೆಗ್ಗು.

"ನೀರು ತಗೊಳ್ಳಿ. ಅಲ್ಲೇನು ಕಳ್ಕೊಂಡ್ರಿ?"

"ಚಕ್ರ ನೋಡ್ತಿದ್ದೆ," ಎಂದ ಕಾಂತೇಶ್. ಲೋಟವನ್ನು ಹಾಗೇ ಮರಳಿಸಿ ಎದ್ದ.

*

ಗುಬ್ಬಿ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಅವನು ಫೋನ್ ಮಾಡಿದ್ದು ಒಬ್ಬರಿಗೆ ಮಾತ್ರ. ರೇವಮ್ಮನ ಕೇಸನ್ನು ಫೀಸಿಲ್ಲದೆ ಹಿಡಿದಿದ್ದ ವಕೀಲ ಚೈತನ್ಯನಿಗೆ.

ಭಾನುವಾರ ಬೆಳಿಗ್ಗೆ ರಾಮಾಂಜಿನಯ್ಯನ ಶೆಡ್ಡಿನಲ್ಲಿ ಹತ್ತು ಹದಿನೈದು ಜನ ಸೇರಿ ಪುಸ್ತಕ ಓದುತ್ತಿದ್ದ ಕಾಲದಿಂದಲೂ ಚೈತನ್ಯ ಗೆಳೆಯ. ಗ್ರೀಸ್ ಹತ್ತಿದ ಪುಟಗಳನ್ನು ಒಬ್ಬ ಓದುವುದು, ಉಳಿದವರು ಜಗಳ ಆಡುವುದು. ಅನ್ಯಾಯವೆಂದರೆ ಏನೆಂದು ಕಾಂತೇಶ್ ಕಲಿತದ್ದು ಅಲ್ಲಿ. ಎದುರು ಮಾತಾಡಲು ಚೈತನ್ಯ ಕಲಿತದ್ದೂ ಅಲ್ಲಿ.

ಚೈತನ್ಯ ಎಲ್ಲ ಕೇಳಿಸಿಕೊಂಡ. "ಎರಡೂ ತಾರೀಕು ಸರಿಯಾಗಿ ಸಿಗ್ತವಾ ಬೆರಳಿಗೆ?"

"ಕುರುಡನಿಗೂ ಸಿಗ್ತವೆ."

"ಶಭಾಷ್ ಕಣೋ. ಕೋರ್ಟಿನ ಮೂಲಕ ಕಾರು ಜಪ್ತಿ ಮಾಡಿಸ್ತೀನಿ. ನೀನು ಮಾತ್ರ ಮಾವನ ಹತ್ರ ಈಗ್ಲೇ ಹೋಗ್ಬೇಡ. ಹೆದ್ರಿಕೊಂಡ್ಬಿಡ್ತಾನೆ. ನಾನೇ ಮಾತಾಡ್ತೀನಿ. ಸೀದಾ ರೂಮ್‌ಗೆ ಹೋಗು."

ಬುದ್ಧಿಯ ಮಾತು. ಬಸ್ಸಿನಲ್ಲಿ ಕೂತ ಕಾಂತೇಶ್ ಹಾಗೇ ಮಾಡಬೇಕೆಂದುಕೊಂಡ. ಆದರೆ ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಲೇಪ ಕೂತಿತ್ತು. ತುಮಕೂರಿನಲ್ಲಿ ಇಳಿದವನು ಬಟವಾಡಿಯ ಆಟೊ ಹತ್ತಿದ.

*

ರಾಮಾಂಜಿನಯ್ಯ ಒಂದು ಬಾನೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಉಜ್ಜುಕಾಗದ ಆಡಿಸುತ್ತಿದ್ದ. ಅರವತ್ತರ ಹತ್ತಿರದ ಮೈ. ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಬಾರ್ಲಾ. ಊಟ ಆಯ್ತಾ?"

"ರಾಮಾಂಜಿನಯ್ಯನವರೇ, ಫೆಬ್ರವರಿ ಹದಿಮೂರನೇ ತಾರೀಕು ನೀವು ಏನು ಕೆಲಸ ಮಾಡಿದ್ರಿ?"

ಉಜ್ಜುಕಾಗದ ನಿಂತಿತು. ಮಾವ, ನೀನು ಎಂದೇ ಹದಿನೈದು ವರ್ಷ ಕರೆದ ಬಾಯಿ ಅದು.

"ಇದೇನ್ಲಾ ಹೊಸದಾಗಿ, ನವರೇ ಗಿವರೇ? ನನ್ನೇನು ಎಂಎಲ್‌ಎ ಮಾಡ್ಬುಟ್ರಾ?"

"ಹದಿಮೂರು. ಶುಕ್ರವಾರ."

"ಯಾವನಿಗ್ ಗ್ಯಾಪ್ಕ ಇರ್ತದೆ?"

"ನಿಮ್ಮ ಉಳಿಗೆ ಗ್ಯಾಪ್ಕ ಅದೆ. ಗಂಗಾಧರನ ಕಾರಿನ ಫೆಂಡರ್ ಒಳಗೆ ಕೊರೆದಿದೀರಿ. ಹದಿನಾರರ ಎರಡು ಬೆರಳು ಮೇಲೆ."

ರಾಮಾಂಜಿನಯ್ಯ ಬಾನೆಟ್ಟನ್ನು ನಿಧಾನವಾಗಿ ನೆಲಕ್ಕೆ ಇಳಿಸಿದ. ಅದು ಸದ್ದು ಮಾಡದಂತೆ ಇಳಿಸಿದ. ಅಂಥ ಹೊತ್ತಿನಲ್ಲೂ ತಗಡಿಗೆ ನೋವಾಗಬಾರದು.

"ಹೋದ ವಾರ ಇದೇ ಜಾಗದಲ್ಲಿ ಕೂತು ಕೇಳ್ದೆ," ಎಂದ ಕಾಂತೇಶ್. "ಹದಿನಾರಕ್ಕೇ ಬಂದಿದ್ದು, ಒಂದೇ ಗೇಣು ನೆಗ್ಗು, ಬೇಕಾದ್ರೆ ಕೋರ್ಟಲ್ಲೂ ಹೇಳ್ತೀನಿ ಅಂದ್ರಿ. ನನ್ನ ತಲೆ ಸವರಿ ಹೇಳಿದ್ರಿ."

"ಹಸು ಗುದ್ತು ಅಂತ ತಂದ ಅವ್ನು."

"ಹಸೂನಾ?"

ಮುದುಕ ಕಿವಿಯ ಮೇಲಿನ ಸೀಮೆಸುಣ್ಣವನ್ನು ತೆಗೆದು ನೋಡಿದ, ಮತ್ತೆ ಅಲ್ಲೇ ಇಟ್ಟ.

"ಹೇಳಿ. ಹಸೂನಾ?"

"ಲೈಟು ಒಡ್ದೋಗಿತ್ತು. ಗೂಡು ಕ್ಲೀನ್ ಮಾಡಕ್ಕೆ ಕೈ ಹಾಕ್ದೆ." ದನಿ ಒಣಗಿತ್ತು. "ಅನ್ನದಗುಳು ಇತ್ತು ಕಣ್ಲಾ. ಸಾರು ಕಲ್ಸಿದ ಅನ್ನ, ಒಣಗಿ ಕಚ್ಕೊಂಡಿತ್ತು. ಹಸು ಯಾವತ್ತಾದ್ರೂ ಸಾರನ್ನ ಹೊತ್ಕೊಂಡ್ ಓಡಾಡ್ತದಾ?"

ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಕಾಂತೇಶನಿಗೆ ಆ ಡಬ್ಬಿ ಗೊತ್ತು. ನುಜ್ಜುಗುಜ್ಜಾದ ಸ್ಟೀಲ್ ಡಬ್ಬಿಯನ್ನು ರೇವಮ್ಮ ಇನ್ನೂ ಅಟ್ಟದ ಮೇಲೆ ಇಟ್ಟಿದ್ದಳು. ಅದನ್ನು ಬಡಿದು ನೇರ ಮಾಡಿಕೊಡುವವರು ಯಾರೂ ಬಂದಿರಲಿಲ್ಲ. ಕಾರಿಗೆ ಬಂದಿದ್ದರು. ಕಾರಿನ ಗಾಯಕ್ಕೆ ಫೋಟೊ ಇತ್ತು, ಬಿಲ್ಲಿತ್ತು, ಸಾಕ್ಷಿಯ ಸಹಿ ಇತ್ತು, ಮೂರು ಕೋಟು ಬಣ್ಣವಿತ್ತು. ಆ ಹೆಣ್ಣುಮಗಳಿಗೆ ಇದ್ದದ್ದು ‘ಅಪರಿಚಿತ ವಾಹನ’ ಎಂಬ ಎರಡು ಪದ.

"ಗೊತ್ತಿದ್ದೂ ಬಡಿದ್ರಿ."

"ಬಡ್ದೆ."

"ಯಾತಕ್ಕೆ?"

"ಈ ಶೆಡ್ ನೋಡು," ಎಂದು ರಾಮಾಂಜಿನಯ್ಯ ಕೈ ಬೀಸಿದ. ಗೋಡೆಗೆ ಒರಗಿದ ಎರಡು ಬಾಗಿಲು, ಮೂಲೆಯಲ್ಲಿ ಜೇಡ ಕಟ್ಟಿದ ಗ್ಯಾಸ್ ಸಿಲಿಂಡರು. "ವರ್ಷದಿಂದ ಒಂದು ಒಳ್ಳೆ ಕಾರು ಬಂದಿಲ್ಲ. ಈಗೆಲ್ಲಾ ಗಾಜಿನ ಶೋರೂಮು, ಏಸಿ ರೂಮಲ್ಲಿ ಪೇಂಟು. ನೆಗ್ಗಿದ್ರೆ ಬಡಿಯಲ್ಲ, ಕಿತ್ತು ಹೊಸ್ದು ಹಾಕ್ತಾರೆ. ಇನ್ಶೂರೆನ್ಸ್‌ನೋರು ಅವರ ಲಿಸ್ಟಲ್ಲಿರೋ ಗ್ಯಾರೇಜಿಗೇ ಕಳಿಸ್ತಾರೆ. ಆ ಲಿಸ್ಟಿಗೆ ನನ್ನ ಹೆಸ್ರು ಸೇರಿಸ್ತೀನಿ ಅಂದ ಗಂಗಾಧರ."

"ಲಿಸ್ಟಿಗೆ."

"ಆಡ್ಕೋ. ಆಡ್ಕೊಳ್ಳೋ ಹಕ್ಕು ಅದೆ ನಿಂಗೆ."

"ಹಕ್ಕು ಅನ್ನೋ ಪದಾನ ನಂಗೆ ಕಲಿಸಿದ್ದು ಯಾರು?" ಕಾಂತೇಶನ ದನಿ ಒಡೆಯಿತು. "ಇದೇ ನೆಲದ ಮೇಲೆ ಗೋಣಿ ಹಾಸಿ ಕೂರಿಸ್ತಿದ್ರಲ್ಲ? ನಮ್ಮೋರ ಮೇಲೆ ಬಿದ್ದ ಏಟನ್ನ ನಾವೇ ಎಣಿಸ್ಬೇಕು, ಬೇರೆ ಯಾವನೂ ಎಣಿಸಲ್ಲ ಅಂತಿದ್ರಲ್ಲ? ಎಣಿಸಿದ್ರಾ? ಬೀರಯ್ಯ ಅವನ ಮನೆಯೊಳಗೇ ಹೋಗಂಗಿಲ್ಲ ಈಗ. ನನ್ನ ತಂಗೀನ ಎರಡನೇ ಸಲ ಸಾಯಿಸ್ದೋನು ಅಂತ ರೇವಮ್ಮ ಜಗಲಿ ಮೇಲೇ ತಟ್ಟೆ ಇಡ್ತಾಳೆ. ಅವನು ಏನೂ ಗೊತ್ತಿಲ್ದೆ ಸಹಿ ಹಾಕ್ದ. ನೀವು ಎಲ್ಲಾ ಗೊತ್ತಿದ್ದು ಬಿಲ್ ಬರೆದ್ರಿ."

ಮುದುಕ ಅಂಗೈಯಿಂದ ಬಾನೆಟ್ಟಿನ ಧೂಳು ಒರೆಸಿದ.

ಕಾಂತೇಶ್ ಹತ್ತಿರ ಬಂದ. ಕೇಳಬಾರದೆಂದುಕೊಂಡೇ ಕೇಳಿದ. "ಆ ಹದಿಮೂರನ್ನ ಯಾಕೆ ಕೊರೆದ್ರಿ? ನನಗೆ ಸಿಗ್ಲಿ ಅಂತಾನಾ?"

ರಾಮಾಂಜಿನಯ್ಯ ಹೌದು ಎಂದಿದ್ದರೆ ಸಾಕಿತ್ತು. ಹೌದೆಂಬ ಒಂದು ಪದಕ್ಕೆ ಕಾಂತೇಶ್ ಅರ್ಧ ಕ್ಷಮಿಸಲು ತಯಾರಿದ್ದ.

"ಅಷ್ಟು ದೊಡ್ಡ ಮನ್ಸ ಮಾಡ್ಬ್ಯಾಡ ನನ್ನ," ಎಂದ ಮುದುಕ. "ಅಭ್ಯಾಸ. ಬಡ್ದು ಮುಗೀತು, ಕೈ ಉಳಿ ತಗೊಂತು, ಕೊರೀತು. ಕಪ್ಪು ಹಚ್ಚಿದ ಮೇಲೆ ಗ್ಯಾಪ್ಕ ಬಂತು. ಸುಳ್ಳು ಬಿಲ್ ಬರ್ಯೋಕೆ ತಲೆ ಒಪ್ತು. ಸುಳ್ಳು ತಾರೀಕು ಕೊರ್ಯೋಕೆ ಕೈಗೆ ಗೊತ್ತಿರ್ಲಿಲ್ಲ."

ಆಮೇಲೆ ಅವನು ಹೇಳಿದ ಮಾತಿಗೆ ಕಾಂತೇಶ್ ತಯಾರಿರಲಿಲ್ಲ.

"ಈಗ ಒಂದು ಗಂಟೆ ಹಿಂದೆ ಗಂಗಾಧರ ಫೋನ್ ಮಾಡಿದ್ದ. ಕಾರು ತರ್ತಾ ಇದೀನಿ, ಎಡಗಡೆ ಫೆಂಡರ್ ಬಿಚ್ಚಿ ಬೇರೆದು ಹಾಕು, ಹಳೇದನ್ನ ನನ್ನ ಕಣ್ಮುಂದೇನೇ ಗ್ಯಾಸಲ್ಲಿ ತುಂಡು ಮಾಡು ಅಂದ."

"ಯಾಕಂತೆ?"

"ಒಳಗಡೆ ಎರಡು ತಾರೀಕು ಕೊರ್ದಿದೀಯಂತಲ್ಲ, ಎರಡೂ ಬೆರಳಿಗೆ ಸಿಗ್ತವಂತೆ ಅಂತ ಬೈದ. ಅದು ಅವನಿಗೆ ಹೆಂಗ್ ಗೊತ್ತಾಯ್ತು ಅಂತ ಅವಾಗಿಂದ ತಲೆ ಕೆರ್ಕೊಂತಿದೀನಿ. ನಾನು ಹೇಳಿಲ್ಲ ಕಣ್ಲಾ. ನಿನ್ನಾಣೆ ಅನ್ನೋ ಯೋಗ್ತಿ ನಂಗಿಲ್ಲ. ಆದ್ರೂ ನಾನು ಹೇಳಿಲ್ಲ."

ಒಂದು ಗಂಟೆಯ ಹಿಂದೆ ಕಾಂತೇಶ್ ಬಸ್ಸಿನಲ್ಲಿದ್ದ. ಗುರುತು ಸಿಕ್ಕಿದ ಮೇಲೆ ಅವನು ಬಾಯಿ ಬಿಟ್ಟದ್ದು ಒಂದೇ ಸಲ, ಒಂದೇ ಬೂತಿನಲ್ಲಿ, ಒಬ್ಬನ ಹತ್ತಿರ.

ಎರಡೂ ತಾರೀಕು ಸರಿಯಾಗಿ ಸಿಗ್ತವಾ ಬೆರಳಿಗೆ?

ಮಾವನ ಹತ್ರ ಈಗ್ಲೇ ಹೋಗ್ಬೇಡ.

ಇಲ್ಲ. ಚೈತನ್ಯ ಅಲ್ಲ. ಫೀಸಿಲ್ಲದೆ ಕೇಸು ಹಿಡಿದವನು. ಪುಟ್ಟಗಂಗಮ್ಮನ ಹೆಣದ ಮುಂದೆ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಂಡವನು. ಅವನ ಫೋನನ್ನು ಬೇರೆ ಯಾರಾದರೂ ಕದ್ದು ಕೇಳಿರಬಹುದು. ಕದರಯ್ಯ ನೋಡಿರಬಹುದು. ಹೀಗೆ ಒಂದೊಂದೇ ನೆಪವನ್ನು ಕಾಂತೇಶ್ ನಿಲ್ಲಿಸಿ ನೋಡಿದ. ಒಂದೂ ನಿಲ್ಲಲಿಲ್ಲ. ಸಂದಿಯಲ್ಲಿ ಕೈಯಿಟ್ಟದ್ದನ್ನು ಕದರಯ್ಯ ಕಂಡಿದ್ದರೂ, ಬೆರಳಿಗೆ ಸಿಕ್ಕಿದ್ದೇನೆಂದು ಅವನಿಗೆ ತಿಳಿಯಲು ಸಾಧ್ಯವಿರಲಿಲ್ಲ.

ಶೆಡ್ಡಿನ ಫೋನು ಹೊಡೆದುಕೊಳ್ಳತೊಡಗಿತು.

ರಾಮಾಂಜಿನಯ್ಯ ಎತ್ತಿ, ಕೇಳಿ, ರಿಸೀವರನ್ನು ಕಾಂತೇಶನತ್ತ ಚಾಚಿದ. "ರೇವಮ್ಮ. ನಿನ್ನೇ ಕೇಳ್ತಾಳೆ."

"ಕಾಂತೇಶಣ್ಣ?" ದನಿ ತಗ್ಗಿಸಿದ, ಅವಸರದ ಮಾತು. "ನಿಮ್ಮ ರೂಮಿನ ಓನರಮ್ಮಂಗೆ ಮಾಡ್ದೆ, ನೀವು ಬಂದಿಲ್ಲ ಅಂದ್ರು. ಸಿಗ್ದಿದ್ರೆ ಶೆಡ್‌ಗೆ ಮಾಡು ಅಂತ ನಂಬರ್ ಬರ್ಕೊಟ್ಟಿದ್ರಲ್ಲ. ನಾನು ವಕೀಲ್ರ ಆಫೀಸಲ್ಲಿದೀನಿ. ಅವ್ರೇ ಆಟೊ ಕಳ್ಸಿ ಕರುಸ್ಕೊಂಡ್ರು."

"ಈಗ್ಲೇನಾ? ಯಾಕೆ?"

"ಒಂದು ಕಾಗ್ದಕ್ಕೆ ಸಹಿ ಹಾಕ್ಬೇಕಂತೆ. ನಿಮ್ಮನ್ನ ಕೇಳ್ದೆ ಯಾವ್ದಕ್ಕೂ ಹಾಕ್ಬೇಡ ಅಂದಿದ್ರಲ್ಲ, ಅದಕ್ಕೇ ಮಾಡ್ದೆ. ವಕೀಲ್ರು ಜೆರಾಕ್ಸ್ ತರಕ್ಕೆ ಕೆಳಗೆ ಹೋಗವ್ರೆ. ನಂಗೆ ಓದಕ್ಕೆ ಬರಲ್ಲ ಅಂತ ನಿಮಗೇ ಗೊತ್ತಲ್ಲ."

"ಏನು ಕಾಗದ ಅಂದ್ರು ರೇವಮ್ಮ?"

"ಏನೂ ಇಲ್ಲ ಕಣಮ್ಮ, ಹೆದರ್ಬೇಡ ಅಂದ್ರು." ಅವಳು ನೆನಪಿಸಿಕೊಂಡು, ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಿದಳು. "ಇನ್ಶೂರೆನ್ಸ್‌ಗೆ ಮಾತ್ರ, ನಿನಗೇನೂ ಆಗಲ್ಲ ಅಂದ್ರು."

ಬೀರಯ್ಯನಿಗೆ ಗಂಗಾಧರ್ ಹೇಳಿದ್ದೂ ಅದೇ ಮಾತು.

"ರೇವಮ್ಮ, ಹಾಕ್ಬೇಡಿ. ಪೆನ್ನೇ ಮುಟ್ಬೇಡಿ. ಎದ್ದು ಆಚೆ ಬನ್ನಿ, ಈಗ್ಲೇ..."

ಆ ಕಡೆ ಬಾಗಿಲು ತೆರೆದ ಸದ್ದು. ಕಾಂತೇಶನಿಗೆ ಚೆನ್ನಾಗಿ ಗೊತ್ತಿದ್ದ, ಭಾನುವಾರ ಬೆಳಿಗ್ಗೆಗಳಲ್ಲಿ ಎಲ್ಲರಿಗಿಂತ ಜೋರಾಗಿ ಓದುತ್ತಿದ್ದ ದನಿ, ಈಗ ಮೆತ್ತಗೆ ಕೇಳಿತು: "ಯಾರಮ್ಮ ಫೋನಲ್ಲಿ?"

ಲೈನು ಕಡಿಯಿತು.

ಅದೇ ಹೊತ್ತಿಗೆ ಹೊರಗೆ ಹಾರನ್ ಕೂಗಿತು. ಹೆದ್ದಾರಿಯಿಂದ ಶೆಡ್ಡಿನ ಮಣ್ಣುದಾರಿಗೆ ಕಡುಹಸಿರು ಕಾರು ತಿರುಗುತ್ತಿತ್ತು. ಕದರಯ್ಯ ಓಡಿಸುತ್ತಿದ್ದ. ಪಕ್ಕದಲ್ಲಿ ಕನ್ನಡಕ ಹಾಕಿದ ಗಂಗಾಧರ್ ಕೂತಿದ್ದ.

ಇಲ್ಲಿ ನಿಂತರೆ ರೇವಮ್ಮ ಸಹಿ ಹಾಕುತ್ತಾಳೆ, ಕೇಸು ಅಲ್ಲಿಗೇ ಮುಗಿಯುತ್ತದೆ. ಅಲ್ಲಿಗೆ ಓಡಿದರೆ, ಜಗತ್ತಿನಲ್ಲಿ ಉಳಿದಿರುವ ಒಂದೇ ಒಂದು ಪುರಾವೆ ಗ್ಯಾಸಿನ ಬೆಂಕಿಯಲ್ಲಿ ತುಂಡಾಗುತ್ತದೆ.

ರಾಮಾಂಜಿನಯ್ಯ ಎದ್ದು ನಿಂತಿದ್ದ. ಕೈಯಲ್ಲಿ ಆಗಲೇ ಸ್ಪ್ಯಾನರ್ ಇತ್ತು. ಅವನು ಹಿಂಬಾಗಿಲಿನ ಚಿಲಕ ತೆಗೆದು ಕಾಂತೇಶನ ಮುಖವನ್ನೇ ನೋಡಿದ.

"ಇಲ್ಲಿಂದ ಹೋಗು. ಬೇರೆ ಯಾವ್ದಾದ್ರೂ ತಗಡು ಕತ್ತರಿಸಿ ತೋರುಸ್ತೀನಿ, ಆ ಫೆಂಡರ್‌ನ ಉಳುಸ್ತೀನಿ," ಎಂದ. "ನನ್ನ ಇನ್ನೊಂದ್ಸಲ ನಂಬ್ತೀಯೇನ್ಲಾ?"

ಅಂಗಳದಲ್ಲಿ ಕಾರಿನ ಬಾಗಿಲು ತೆರೆದುಕೊಂಡಿತು.